ಅಣು ಒಪ್ಪಂದ: ಸಂಸತ್ತಿನ ಕೈಯಲ್ಲಿರುವುದೆಷ್ಟು?

ಪ್ರಶ್ನೆ: ಅಣುವಿದ್ಯುತ್ ಸ್ಥಾವರವೇ ಇಲ್ಲದ ಆಸ್ಟ್ರೇಲಿಯಾ 2017ರಲ್ಲಿ ನಾಲ್ಕನೇ ತಲೆಮಾರಿನ (ಇನ್ನೂ ಅಭಿವೃದ್ಧಿಯಲ್ಲಿರುವ ಹೊಸ ವಿನ್ಯಾಸದ) ರಿಯಾಕ್ಟರುಗಳ ಅಂತರರಾಷ್ಟ್ರೀಯ ಸಂಶೋಧನಾ ಒಪ್ಪಂದ ಸೇರಿತಲ್ಲ, ಅಲ್ಲಿನ ಸಂಸತ್ತು ಬೇಡವೆನ್ನಬಹುದಿತ್ತೆ?

ಉತ್ತರ: ನೇರವಾಗಿ ಇಲ್ಲ. ಒಪ್ಪಂದ ಸೇರುವುದು ಅಲ್ಲಿ ಸರ್ಕಾರದ ಅಧಿಕಾರ. ಆದರೆ ಪಠ್ಯವನ್ನು ‘ರಾಷ್ಟ್ರೀಯ ಹಿತಾಸಕ್ತಿ ವಿಶ್ಲೇಷಣೆ’ಯೊಂದಿಗೆ ಸದನಗಳಲ್ಲಿ ಮಂಡಿಸಬೇಕು. ಖರ್ಚೆಷ್ಟು, ಹೊಣೆಯೇನು, ಹೊರಬರುವುದು ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. ಬಳಿಕ ಒಪ್ಪಂದಗಳ ಜಂಟಿ ಸ್ಥಾಯಿ ಸಮಿತಿ (1996ರಿಂದ ಇದೆ; ನಮ್ಮಲ್ಲಿ ಇಂಥದ್ದೇ ಇಲ್ಲ) ಸಾರ್ವಜನಿಕರ ಅಭಿಪ್ರಾಯ ಕೇಳಿ, ಅಧಿಕಾರಿಗಳನ್ನು ಪ್ರಶ್ನಿಸಿ ವರದಿ ಕೊಡುತ್ತದೆ. ಸಾಮಾನ್ಯವಾಗಿ 15 ಅಥವಾ 20 ಕಲಾಪದ ದಿನಗಳ ಅವಧಿ. ಕಲಾಪವಿಲ್ಲದ ವಾರಗಳು ಲೆಕ್ಕಕ್ಕಿಲ್ಲ, ಹಾಗಾಗಿ ತಿಂಗಳುಗಳೇ ಹಿಡಿಯಬಹುದು. ಶಿಫಾರಸು ಸರ್ಕಾರವನ್ನು ಕಟ್ಟಿಹಾಕದು. ನಿಜವಾದ ಹಿಡಿತ ಸಿಗುವುದು ಹೊಸ ಕಾನೂನು ಬೇಕಾದಾಗ ಮಾತ್ರ. ಅಣುಸ್ಥಾವರ ಕಟ್ಟಬೇಕೆಂದರೆ 1998ರ ವಿಕಿರಣ ಸುರಕ್ಷತೆ ಮತ್ತು 1999ರ ಪರಿಸರ ಕಾಯ್ದೆಗಳಲ್ಲಿರುವ ನಿಷೇಧವನ್ನು ಸಂಸತ್ತೇ ತೆಗೆಯಬೇಕು. ಸಂಶೋಧನಾ ಒಪ್ಪಂದದ ಸಹಿ ಅದನ್ನು ಮುಟ್ಟಿಲ್ಲ.