ಮಿನಿಯಾಪೊಲಿಸಿಗೆ ಹೊಸದಾಗಿ ಹೋದವರಿಗೆ: ಡಿಸೆಂಬರ್‌ನಲ್ಲಿ ರೇಡಿಯೊ ಹಾಕಿಡಿ

ರಾಜಾಜಿನಗರದಿಂದ ಕಳೆದ ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸಿಗೆ ಕೆಲಸಕ್ಕೆಂದು ಹೋಗಿರುವ ನೀವು ಕೇಳಿರುವ ಪ್ರಶ್ನೆಯನ್ನು ಎರಡು ಸಲ ಓದಿದೆ. “ಮೇಡಂ, ಇಂಗ್ಲಿಷ್ ನನಗೆ ತೊಡಕಲ್ಲ, ಚಳಿಯನ್ನೂ ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಡಿಸೆಂಬರ್ ಬಂದದ್ದೇ ತಡ, ಕಚೇರಿಯಲ್ಲಿ ಎಲ್ಲರೂ ಯಾವುದೋ ಅಡುಗೆಯ, ಯಾವುದೋ ತಮಾಷೆಯ ಮಾತಾಡಿಕೊಂಡು ನಗುತ್ತಾರೆ, ನಾನೊಬ್ಬ ಹಲ್ಲು ಕಿರಿದುಕೊಂಡು ನಿಂತಿರುತ್ತೇನೆ. ಇದು ಎಷ್ಟು ವರ್ಷಕ್ಕೆ ಸರಿಹೋಗುತ್ತದೆ?” ಎಂದು ಬರೆದಿದ್ದೀರಿ. 2006ರಿಂದ ಅದೇ ಊರಿನಲ್ಲಿರುವ ನನಗೆ ಸರಿಹೋಗಲು ಮೂರು ವರ್ಷ ಹಿಡಿಯಿತು. ಅದರಲ್ಲಿ ಎರಡು ವರ್ಷ ಅಲ್ಲಿನ ರೇಡಿಯೊ ಕೇಳದೆ ಹಾಳುಮಾಡಿಕೊಂಡದ್ದು ಎಂದು ಈಗ ಅನ್ನಿಸುತ್ತದೆ.

ನೀವು ಅಲ್ಲಿ, ನಾನು ಇಲ್ಲಿ. ರಜೆಗೆ ಬಂದು ಬಸವನಗುಡಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಚಳಿಗಾಲದಲ್ಲಿ ಬೆಂಗಳೂರು ನಿಮ್ಮೂರಿಗಿಂತ ಹನ್ನೊಂದೂವರೆ ಗಂಟೆ ಮುಂದಿರುವುದರಿಂದ, ಅಲ್ಲಿ ಬೆಳಿಗ್ಗೆ 9 ಗಂಟೆಗೆ ಮಾತುಕತೆಯ ಕಾರ್ಯಕ್ರಮ ಶುರುವಾದಾಗ ಇಲ್ಲಿ ರಾತ್ರಿ ಎಂಟೂವರೆ. ಮುಂದೆ ನೆನೆಹಾಕಿದ ಅವರೆಕಾಳಿನ ಬೋಗುಣಿ, ಪಕ್ಕದಲ್ಲಿ ಫೋನಿನಲ್ಲಿ ಆ ರೇಡಿಯೊ ಇಟ್ಟುಕೊಂಡು ಕಾಳು ಹಿತುಕುತ್ತಾ ಕೂರುತ್ತೇನೆ. ಅಕ್ಕನಿಗೆ ಇದೊಂದು ಹುಚ್ಚಿನಂತೆ ಕಾಣುತ್ತದೆ.

ಬೆಂಗಳೂರಿನವರಾದ ನಿಮಗೆ 91.1 ಎಂದರೆ ರೇಡಿಯೊ ಸಿಟಿ, ದೇಶದ ಮೊದಲ ಖಾಸಗಿ ಎಫ್‌ಎಂ ಆಗಿ 2001ರಲ್ಲಿ ಇದೇ ಊರಿನಲ್ಲಿ ಶುರುವಾದ ವಾಹಿನಿ. ಮಿನಿಯಾಪೊಲಿಸ್‌ನಲ್ಲಿ ಅದೇ 91.1ಕ್ಕೆ ತಿರುಗಿಸಿದರೆ ಸಿಗುವುದು ಮಿನ್ನೆಸೋಟ ಪಬ್ಲಿಕ್ ರೇಡಿಯೊದ ಸುದ್ದಿ ವಾಹಿನಿ. ಹಾಡು ಬರುತ್ತದೆಂದು ಕಾದರೆ ಬರುವುದು ಬರೀ ಮಾತು. ಆ ಸಂಸ್ಥೆ 1967ರಲ್ಲಿ ಒಂದು ಕಾಲೇಜಿನ ಆವರಣದಲ್ಲಿ ಹುಟ್ಟಿದ್ದು, ಹೆಚ್ಚಾಗಿ ಕೇಳುಗರು ಕೊಡುವ ಹಣದಿಂದ ನಡೆಯುತ್ತದೆ. ಆದ್ದರಿಂದ ಡಿಸೆಂಬರ್‌ನಲ್ಲಿ ಮಾತಿನ ಮಧ್ಯೆ ಮಧ್ಯೆ ದೇಣಿಗೆ ಕೇಳುವುದು ಕಿವಿಗೆ ಬೀಳುತ್ತದೆ. 31ರೊಳಗೆ ಕೊಟ್ಟರೆ ಆ ವರ್ಷದ ತೆರಿಗೆಯಲ್ಲಿ ವಿನಾಯಿತಿ ಪಡೆಯಬಹುದೆಂಬ ಲೆಕ್ಕ ಅವರದು. 2025ರಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ಹಿಂಪಡೆದಿರುವುದರಿಂದ ಆ ಕೋರಿಕೆ ಈಗ ಇನ್ನಷ್ಟು ಒತ್ತಾಯದ್ದಾಗಿದೆ. ಬೇಸರಪಡದೆ ಕೇಳಿಸಿಕೊಳ್ಳಿ, ಸಾಧ್ಯವಾದರೆ ಹತ್ತು ಡಾಲರ್ ಕೊಡಿ.

ವರ್ಷದ ಕಡೆಯ ಎರಡು ವಾರದ ಅತಿಥಿಗಳು ಬೇರೆ ದಿನಗಳವರಂತಲ್ಲ. ರಾಜಕಾರಣಿಗಳು ರಜೆಯಲ್ಲಿರುತ್ತಾರೆ. ಬರುವವರು ವರ್ಷದ ಒಳ್ಳೆಯ ಪುಸ್ತಕಗಳನ್ನು ಹೇಳುವ ಗ್ರಂಥಪಾಲಕರು, ಬೇಕರಿ ನಡೆಸುವವರು, ಕಳೆದ ಹನ್ನೆರಡು ತಿಂಗಳ ಮಳೆ ಹಿಮಗಳ ಲೆಕ್ಕ ಒಪ್ಪಿಸುವ ಹವಾಮಾನ ತಜ್ಞರು. ಹವಾಮಾನ ಅಲ್ಲಿ ಹೊತ್ತು ಕಳೆಯುವ ಮಾತಲ್ಲ, ಊರಿನ ಮುಖ್ಯ ಸಾಹಿತ್ಯವೇ ಅದು. ಇವರೆಲ್ಲರ ನಡುವೆ ಊರಿನ ಯಾರೋ ಒಬ್ಬರು ಫೋನ್ ಮಾಡಿ ತಮ್ಮ ಅಜ್ಜಿಯ ಕಾಲದ ಅಡುಗೆಯನ್ನು ವಿವರಿಸುತ್ತಾರೆ. ನಿಮ್ಮ ಕಚೇರಿಯವರು ಮಾರನೆಯ ದಿನ ಕಾಫಿ ಹಿಡಿದು ಮಾತಾಡುವುದು ಬಹುಮಟ್ಟಿಗೆ ಇದನ್ನೇ.

ಅಡುಗೆಯ ಮಾತು ಅಲ್ಲಿನ ರೇಡಿಯೊಗೆ ಅಂಟಿಕೊಂಡದ್ದಕ್ಕೆ ಒಂದು ಕಾರಣವಿದೆ. ಮಿನಿಯಾಪೊಲಿಸ್ ಬೆಳೆದದ್ದೇ ಮಿಸಿಸಿಪಿ ನದಿಯ ಜಲಪಾತದ ಬಲದಿಂದ ನಡೆದ ಹಿಟ್ಟಿನ ಗಿರಣಿಗಳಿಂದ. ವಾಶ್‌ಬರ್ನ್ ಕ್ರಾಸ್ಬಿ ಎಂಬ ಗಿರಣಿ ಕಂಪನಿ 1924ರಲ್ಲಿ ಒಂದು ರೇಡಿಯೊ ಕೇಂದ್ರವನ್ನು ಕೈಗೆ ತೆಗೆದುಕೊಂಡು, ತನ್ನ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಡಬ್ಲ್ಯುಸಿಸಿಒ ಎಂದು ಕರೆಯಿತು. ಅದೇ ವರ್ಷ ಬೆಟ್ಟಿ ಕ್ರಾಕರ್ ಹೆಸರಿನಲ್ಲಿ ಅಡುಗೆ ಪಾಠವನ್ನೂ ಆರಂಭಿಸಿತು. ಬೆಟ್ಟಿ ಕ್ರಾಕರ್ ಎಂಬ ಹೆಂಗಸು ಎಂದೂ ಇರಲಿಲ್ಲ. ಹಿಟ್ಟಿನ ಬಗ್ಗೆ ಗೃಹಿಣಿಯರು ಬರೆಯುತ್ತಿದ್ದ ಪತ್ರಗಳಿಗೆ ಸಹಿ ಹಾಕಲೆಂದು ಕಂಪನಿ 1921ರಲ್ಲಿ ಹುಟ್ಟಿಸಿದ ಹೆಸರು ಅದು. ಮೈದಾ ಮಾರುವವರು ರೊಟ್ಟಿ ತಟ್ಟುವುದನ್ನು ರೇಡಿಯೊದಲ್ಲಿ ಕಲಿಸಿದರು ಎಂದುಕೊಳ್ಳಿ. ನೂರು ವರ್ಷ ಕಳೆದರೂ ಊರಿಗೆ ಆ ಚಟ ಬಿಟ್ಟಿಲ್ಲ.

ನಿಮ್ಮ ಕಿವಿಗೆ ಬೀಳುವ ಮೂರು ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಹಾಟ್‌ಡಿಶ್ ಎಂದರೆ ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆಯ ಉಂಡೆಗಳನ್ನು ಓವನ್‌ನಲ್ಲಿ ಬೇಯಿಸಿದ್ದು. ಅದನ್ನು ಬೇರೆ ಕಡೆಯವರಂತೆ ಕ್ಯಾಸರೋಲ್ ಎಂದು ಕರೆದು ಬೈಸಿಕೊಳ್ಳಬೇಡಿ. ವೈಲ್ಡ್ ರೈಸ್ ಹೆಸರಿಗೆ ಅಕ್ಕಿ, ನಿಜದಲ್ಲಿ ಕೆರೆಯಲ್ಲಿ ಬೆಳೆಯುವ ಬೇರೊಂದು ಹುಲ್ಲಿನ ಕಾಳು. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ದೋಣಿಯಲ್ಲಿ ಕುಳಿತು ಕೋಲಿನಿಂದ ತೆನೆ ಬಡಿದು ಕಾಳು ಉದುರಿಸಿಕೊಳ್ಳುತ್ತಾರೆ. ನಾನು ಮೊದಲ ಸಲ ಅದರಿಂದ ಪುಳಿಯೋಗರೆ ಮಾಡಹೋಗಿ, ಕುಕ್ಕರ್ ಮೂರು ಸಲ ಕೂಗಿದ ಮೇಲೂ ಕಾಳು ಗಟ್ಟಿಯಾಗಿಯೇ ಉಳಿದು ಪೆಚ್ಚಾದೆ. ಬರೀ ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆ ಬೇಯಬೇಕು.

ಮೂರನೆಯದು ಲೆಫ್ಸೆ. ನಾರ್ವೆಯಿಂದ ವಲಸೆ ಬಂದವರ ತಿಂಡಿಯಾದ ಇದನ್ನು ನೋಡಿದೊಡನೆ ನಿಮಗೆ ಒಬ್ಬಟ್ಟು ನೆನಪಾಗುತ್ತದೆ. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ, ಬೆಣ್ಣೆ ಕೆನೆ ಸೇರಿಸಿ, ಚೆನ್ನಾಗಿ ಆರಿದ ಮೇಲೆ ಹಿಟ್ಟು ಬೆರೆಸಿ, ಗೀರುಗಳಿರುವ ಲಟ್ಟಣಿಗೆಯಿಂದ ತೆಳ್ಳಗೆ ಒತ್ತಿ, ಎಣ್ಣೆ ಹಾಕದ ದೊಡ್ಡ ಕಾವಲಿಯ ಮೇಲೆ ಸುಡುತ್ತಾರೆ. ಮಗುಚಲು ಉದ್ದನೆಯ ಚಪ್ಪಟೆ ಕೋಲೊಂದಿರುತ್ತದೆ. ಹಾಳೆಯ ಮಧ್ಯಕ್ಕೆ ಅದನ್ನು ತೂರಿಸಿ ಎತ್ತಿದರೆ ಹಾಳೆ ಎರಡು ಕಡೆಗೂ ಒಗೆದ ಪಂಚೆಯ ಹಾಗೆ ಜೋತುಬೀಳುತ್ತದೆ. ಒಂದು ವರ್ಷ ರೇಡಿಯೊದಲ್ಲಿ ಮುದುಕಿಯೊಬ್ಬರು ಆಲೂಗಡ್ಡೆ ಬಿಸಿಯಿದ್ದಾಗಲೇ ಹಿಟ್ಟು ಹಾಕಿದರೆ ಅಂಟಂಟಾಗಿ ಮತ್ತಷ್ಟು ಹಿಟ್ಟು ಕುಡಿಯುತ್ತದೆ ಎಂದದ್ದನ್ನು ಕೇಳಿ, ನನ್ನಮ್ಮ ಒಬ್ಬಟ್ಟಿನ ಕಣಕದ ಬಗ್ಗೆ ಹೇಳುತ್ತಿದ್ದ ದನಿಯೇ ಕಿವಿಗೆ ಬಂದಂತಾಗಿ, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಮುಗಿಯುವವರೆಗೂ ಕೇಳಿದ್ದೆ.

ಇನ್ನು ನಿಮ್ಮನ್ನು ಹೆಚ್ಚು ಕಾಡುತ್ತಿರುವ ತಮಾಷೆಯ ವಿಚಾರ. ಅಲ್ಲಿನ ಹಾಸ್ಯ ಸದ್ದು ಮಾಡುವುದಿಲ್ಲ. ನಮ್ಮ ಎಫ್‌ಎಂಗಳಲ್ಲಿ ಯಾರಿಗೋ ಫೋನ್ ಮಾಡಿ ಬಕರಾ ಮಾಡುವ ಬಗೆಯನ್ನು ಅಲ್ಲಿ ನಿರೀಕ್ಷಿಸಬೇಡಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಬೆಳಿಗ್ಗೆ ಫೋನ್ ಮಾಡಿದವರು “ಪರವಾಗಿಲ್ಲ, ಇದಕ್ಕಿಂತ ಕೆಟ್ಟದಾಗಿಯೂ ಇರಬಹುದಿತ್ತು” ಎಂದು ತಣ್ಣಗೆ ಹೇಳಿದರೆ ಅದೇ ಜೋಕು. ಹಿಮ ತಳ್ಳುವ ಲಾರಿಗಳಿಗೆ ಹೆಸರಿಡಿ ಎಂದು ರಾಜ್ಯದ ಸಾರಿಗೆ ಇಲಾಖೆ ಚಳಿಗಾಲದಲ್ಲಿ ಸ್ಪರ್ಧೆ ನಡೆಸುತ್ತದೆ. 2022ರಲ್ಲಿ ಗೆದ್ದ ಹೆಸರುಗಳಲ್ಲೊಂದು “ಕಂಟ್ರೋಲ್ ಸಾಲ್ಟ್ ಡಿಲೀಟ್”; ಆ ಲಾರಿಗಳು ರಸ್ತೆಗೆ ಉಪ್ಪು ಎರಚುತ್ತವೆ, ನೀವು ಸಾಫ್ಟ್‌ವೇರಿನವರು, ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷವೇ ಗೆದ್ದ ಇನ್ನೊಂದು “ಬೆಟ್ಟಿ ವೈಟ್‌ಔಟ್”. ಕಣ್ಣು ಕಾಣದಂತೆ ಹಿಮ ಬೀಸುವುದಕ್ಕೆ ವೈಟ್‌ಔಟ್ ಎನ್ನುತ್ತಾರೆ. ಎಲ್ಲರ ಮೆಚ್ಚಿನ ನಟಿ ಬೆಟ್ಟಿ ವೈಟ್ ನೂರು ತುಂಬಲು ಮೂರು ವಾರವೂ ಇಲ್ಲದಾಗ, 2021ರ ಡಿಸೆಂಬರ್ 31ರಂದು ತೀರಿಕೊಂಡಿದ್ದರು. ಆಟೋದ ಬೆನ್ನಿನ ಬರಹ ಓದಿ ಸಿಗ್ನಲ್‌ನಲ್ಲಿ ಒಬ್ಬರೇ ನಗುವ ನಮಗೆ ಇದು ಅಪರಿಚಿತ ರುಚಿಯಲ್ಲ. ವಿದಾಯದ ಜೋಕುಗಳಂತೂ ನಮ್ಮವೇ. ಹೊರಡುತ್ತೇವೆ ಎಂದವರು ಬಾಗಿಲಲ್ಲಿ ಅರ್ಧ ಗಂಟೆ, ಕಾರಿನ ಪಕ್ಕ ಇನ್ನರ್ಧ ಗಂಟೆ ನಿಂತು ಮಾತಾಡುವುದಕ್ಕೆ ಅಲ್ಲಿ “ಮಿನ್ನೆಸೋಟ ಗುಡ್‌ಬೈ” ಎಂದೇ ಹೆಸರು. ಕುಂಕುಮ ತೆಗೆದುಕೊಂಡ ಮೇಲೆ ಗೇಟಿನ ಹತ್ತಿರ ಶುರುವಾಗುವ ನಮ್ಮ ನಿಜವಾದ ಮಾತುಕತೆಯನ್ನು ನೆನೆಸಿಕೊಳ್ಳಿ.

ಕೇಳುವುದಷ್ಟೇ ಸಾಲದು, ಒಂದು ಸಲ ಫೋನ್ ಮಾಡಿ. ನಾನು 2008ರ ಡಿಸೆಂಬರ್‌ನಲ್ಲಿ ಒಂದು ಸ್ಥಳೀಯ ಕೇಂದ್ರಕ್ಕೆ, ಹಬ್ಬದ ಅಡುಗೆ ಹೇಳಿ ಎಂದಾಗ, ಧೈರ್ಯ ಮಾಡಿ ಫೋನ್ ಮಾಡಿದೆ. ಮೊದಲು ಫೋನ್ ಎತ್ತಿದ ಹುಡುಗಿ ಹೆಸರು, ಊರು, ಹೇಳುವ ವಿಷಯ ಕೇಳಿ, ಹಿನ್ನೆಲೆಯ ರೇಡಿಯೊ ಆರಿಸಲು ಹೇಳಿ ಕಾಯಿಸಿದಳು. ಹದಿನಾಲ್ಕು ನಿಮಿಷ ಕಾದ ಮೇಲೆ ನನ್ನ ಸರದಿ. ಗುಜರಾತಿಗಳ ಅಂಗಡಿಯಲ್ಲಿ ಸುರ್ತಿ ಪಾಪಡಿ ಲಿಲ್ವಾ ಎಂಬ ಹೆಸರಿನಲ್ಲಿ ಫ್ರೀಜರ್‌ನಲ್ಲಿ ಸಿಗುವ ಕಾಳನ್ನು ತಂದು ರಾತ್ರಿಯೆಲ್ಲ ನೆನೆಹಾಕಬೇಕು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಎದುರಿನವರ ಕನ್ನಡಕಕ್ಕೂ ತಾಗಬಹುದು ಎಂದೆಲ್ಲ ಹಿತಕಬೇಳೆ ಸಾರನ್ನು ವರ್ಣಿಸಿದೆ. ನಿರೂಪಕರು ಕೊಂಚ ತಡೆದು “ವೆಲ್, ದಟ್ಸ್ ಡಿಫರೆಂಟ್!” ಎಂದರು. ನನ್ನ ಅಡುಗೆ ಎಲ್ಲಕ್ಕಿಂತ ವಿಶೇಷವೆಂದು ಹೊಗಳಿದರೆಂದುಕೊಂಡು ಬೆಂಗಳೂರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದೆ. ಮುಂದಿನ ಡಿಸೆಂಬರ್‌ವರೆಗೂ ಆ ಹೆಮ್ಮೆಯಲ್ಲೇ ಇದ್ದೆ. ಆಗ ಸಹೋದ್ಯೋಗಿಯೊಬ್ಬರು, ಆ ಸೀಮೆಯಲ್ಲಿ ಆ ಮಾತಿಗೆ “ನನಗಿದು ಬೇಡ, ಆದರೆ ನಿಮ್ಮ ಮನಸ್ಸು ನೋಯಿಸಲಾರೆ” ಎಂದರ್ಥ ಎಂದು ಬಿಡಿಸಿ ಹೇಳಿದರು. ನಾನು ಆ ದಿನ ನಕ್ಕಂತೆ ಅಲ್ಲಿ ಅದುವರೆಗೂ ನಕ್ಕಿರಲಿಲ್ಲ. ಎಷ್ಟು ವರ್ಷಕ್ಕೆ ಸರಿಹೋಗುತ್ತದೆ ಎಂದು ಕೇಳಿದಿರಲ್ಲ, ನನ್ನ ಲೆಕ್ಕ ಅಲ್ಲಿಗೆ ಮೂರು ವರ್ಷ.

ಕಳೆದ ಭಾನುವಾರ ಅಕ್ಕನ ಅಡುಗೆಮನೆಯಲ್ಲಿ, ಚಪಾತಿ ಲಟ್ಟಣಿಗೆಯಲ್ಲೇ, ಲೆಫ್ಸೆ ಮಾಡಿ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಭಾವನವರ ತಟ್ಟೆಗೆ ಹಾಕಿದೆ. ಅವರು ನಿಧಾನವಾಗಿ ಅಗಿದು, ನೀರು ಕುಡಿದು, “ಒಂಥರಾ ಚೆನ್ನಾಗಿದೆಯಮ್ಮ” ಎಂದರು. ಎರಡನೆಯದನ್ನು ನಾನು ಬಡಿಸಲು ಹೋಗಲಿಲ್ಲ.