ಬೋರರ್ ಹುಡುಕುವ ಬೆರಳು

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು, ವಯಸ್ಸು 31. ಕೀಟಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಬೆಂಗಳೂರಿನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದೇನೆ. ಕೃಷಿ ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕುವ ಒಂದು ವೆಂಚರ್ ಕ್ಯಾಪಿಟಲ್ ಫಂಡ್ ಮೂರು ಪಟ್ಟು ಸಂಬಳಕ್ಕೆ ಕರೆದಿದೆ. ಅಪ್ಪನಿಗೆ ಐದೆಕರೆ ಅರೇಬಿಕಾ ಕಾಫಿ ತೋಟ. "ಇಷ್ಟು ಓದಿದ್ದು ಬೇರೆಯವರ ದುಡ್ಡು ಎಣಿಸೋಕಾ?" ಅನ್ನುತ್ತಾರೆ. ನಾನು ವಿಜ್ಞಾನಕ್ಕೆ ಮೋಸ ಮಾಡುತ್ತಿದ್ದೇನಾ?

ಉತ್ತರ: ಮೋಸದ ಮಾತು ಬಿಡಿ. ಮಾರ್ಚ್‌ನಲ್ಲಿ, ಮತ್ತೆ ಸೆಪ್ಟೆಂಬರ್‌ನಲ್ಲಿ, ಕಾಂಡ ಕೊರೆಯುವ ಹುಳ ದುಂಬಿಯಾಗಿ ಹಾರುವ ಮೊದಲು ಅಪ್ಪ ಬೋರರ್ ಟ್ರೇಸಿಂಗ್, ಅಂದರೆ ಆ ಹುಳ ಹೊಕ್ಕ ಗಿಡ ಹುಡುಕುವ ಕೆಲಸ, ಮಾಡಿಸುತ್ತಾರೆ ಅಲ್ವಾ? ಎಷ್ಟೋ ಗಿಡ ನೋಡೋಕೆ ಚೆನ್ನಾಗೇ ಇರುತ್ತದೆ. ಕಾಂಡದ ಮೇಲೆ ಬೆರಳಾಡಿಸಿದರೆ ಉಬ್ಬುಗೆರೆ ಸಿಗುತ್ತದೆ. ಒಳಗೆ ಹುಳ. ಕಿತ್ತು ಸುಡಿಸುತ್ತಾರೆ. ಫಂಡಿನವರಿಗೆ ಬೇಕಿರುವುದು ಆ ಬೆರಳು. ಸ್ಟಾರ್ಟಪ್‌ನವರು ಚಂದದ ಗ್ರಾಫ್ ತೋರಿಸಿದಾಗ, 'ಇದು ಕುಂಡದಲ್ಲಿ ಮಾಡಿದ್ದಾ, ತೋಟದಲ್ಲಾ? ಎಷ್ಟು ಮಳೆಗಾಲ ನೋಡಿದಿರಿ?' ಅಂತ ಕೇಳುವವರು ಬೇಕು.

ಆದರೆ ಆ ಕೆಲಸದಲ್ಲಿ 'ಬೇಡ' ಅನ್ನುವುದೇ ಜಾಸ್ತಿ. ನಿಮ್ಮ ವಯಸ್ಸಿನವರೇ ಐದಾರು ವರ್ಷದ ಶ್ರಮ ಹೊತ್ತು ಬರುತ್ತಾರೆ, ವಾಪಸ್ ಕಳಿಸಬೇಕು. ನಿಮ್ಮ ತೀರ್ಮಾನ ಸರಿಯಿತ್ತಾ ಅಂತ ಗೊತ್ತಾಗಲು ಏಳೆಂಟು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಲ್ಯಾಬ್ ಕೈ ತಪ್ಪಿರುತ್ತದೆ. ಪೇಪರ್ ಬರೆಯದೆ ಮೂರು ವರ್ಷ ಕಳೆದವರು ಸಂಶೋಧನೆಗೆ ಮರಳುವುದು ಕಷ್ಟ. ಅಪ್ಪನ ಭಯದಲ್ಲಿ ಇಷ್ಟು ನಿಜವಿದೆ.

ಸಂಬಳಕ್ಕೆ ಮರುಳಾಗಬೇಡಿ. ಇಂಥ ಫಂಡಿನ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಫಂಡಿನ ದುಡ್ಡಿನಿಂದ ವರ್ಷಕ್ಕೆ ಸುಮಾರು 2% ತೆಗೆದುಕೊಳ್ಳುವ ಶುಲ್ಕದಲ್ಲಿ ಆಫೀಸು, ಸಂಬಳ ನಡೆಯುತ್ತದೆ. ಅಸಲಿ ದುಡ್ಡು ಇರುವುದು ಲಾಭದ ಸುಮಾರು 20% ಪಾಲಿನಲ್ಲಿ, ಅದಕ್ಕೆ 'ಕ್ಯಾರಿ' ಅನ್ನುತ್ತಾರೆ. ಹೊಸಬರಿಗೆ ಅದು ಎಷ್ಟೋ ಕಡೆ ಸಿಗುವುದೇ ಇಲ್ಲ. ನಿಮಗಿದೆಯಾ, ಎಷ್ಟು ವರ್ಷಕ್ಕೆ ಕೈಸೇರುತ್ತದೆ ಅಂತ ಬಾಯಿಬಿಟ್ಟು ಕೇಳಿ. ಫಂಡಿಗೆ ಈಗ ಎಷ್ಟನೇ ವರ್ಷ ಅಂತಲೂ ಕೇಳಿ. ಆರನೇ ವರ್ಷವಾಗಿದ್ದರೆ ದುಡ್ಡು ಬಹುಪಾಲು ಹಂಚಿಹೋಗಿರುತ್ತದೆ. ನಿಮಗೆ ಉಳಿಯುವುದು ಹಳೇ ಕಂಪನಿಗಳ ಮೀಟಿಂಗ್ ಮಾತ್ರ.

ಫಂಡಿನವರು ಹಿಂದೆ ಬೇಡವೆಂದ ಒಂದು ಸ್ಟಾರ್ಟಪ್‌ನ ಫೈಲನ್ನು ಹೆಸರು ಮುಚ್ಚಿ ಕೊಡಲು ಹೇಳಿ. ಒಂದು ವಾರ ಕೂತು ಓದಿ. ಆ ಪ್ರಯೋಗವನ್ನು ನಾನೇ ಮತ್ತೊಮ್ಮೆ ಮಾಡಿ ನೋಡಬೇಕು ಅಂತ ಕೈ ತುರಿಸಿದರೆ ಲ್ಯಾಬಲ್ಲೇ ಇರಿ. ಇನ್ನೊಂದು ಫೈಲ್ ಇದೆಯಾ ಅನ್ನಿಸಿದರೆ ಹೋಗಿ.

ಮತ್ತೆ, ಮಾರ್ಚ್ ಟ್ರೇಸಿಂಗ್‌ಗೆ ಊರಿಗೆ ಹೋಗಿ ಬನ್ನಿ. ಈ ವಿಷಯ ಊಟಕ್ಕೆ ಕೂತಾಗ ತೆಗೆಯಬೇಡಿ. ಅಪ್ಪ ಗಿಡದ ಬುಡದಲ್ಲಿ ಕೂತಿರುವಾಗ ತೆಗೆಯಿರಿ.