ಕೊಕ್ಕೆಹುಳದಿಂದ ಕರುಳಿನ ಕ್ಯಾನ್ಸರ್ ಬರ್ತೈತೇನು?

ನಿಮ್ಮ ಅಪ್ಪಾರಿಗೆ 58 ವಯಸ್ಸು, ಸಂಡಾಸ ಟೆಸ್ಟ್‌ನ್ಯಾಗ ಕೊಕ್ಕೆಹುಳ ಬಂದೈತಿ, ಇದು ಮುಂದ ಕ್ಯಾನ್ಸರ್ ಆಗ್ತೈತೇನು ಅಂತ ಕೇಳೀರಲ್ರೀ, ಹಂಗೇನಿಲ್ಲ. ಅದು ಸಣ್ಣ ಕರುಳಿನ್ಯಾಗ ಕುಂತು ರಕ್ತ ಹೀರ್ತೈತಿ, ಮೈಯಾಗ ರಕ್ತ ಕಡಿಮಿ ಆಗ್ತೈತಿ. ದೊಡ್ಡ ಕರುಳಿನ ಕ್ಯಾನ್ಸರ್ ಜೋಡಿ ಹೆಸರು ಕೇಳಿಬರೋದು ಶಿಸ್ಟೋಸೋಮಾ ಜಪೋನಿಕಮ್ ಅನ್ನೋ ಹುಳದ್ದು, ಅದು ಚೀನಾ, ಫಿಲಿಪೈನ್ಸ್ ಕಡೆದ್ದು, ಅದರ ತತ್ತಿ ಕರುಳಿನ ಗ್ವಾಡಿಯೊಳಗ ಸಿಕ್ಕೊಂಡು ವರ್ಷಾನುಗಟ್ಟಲೆ ಉರಿಯೂತ ಮಾಡ್ತಾವು, ಅದನ್ನೂ 1994ರಾಗ ಐಎಆರ್‌ಸಿ (ಕ್ಯಾನ್ಸರ್ ಸಂಶೋಧನೆ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) 'ಕ್ಯಾನ್ಸರ್ ತರಬಹುದು' ಅನ್ನೋ 2ಬಿ ಗುಂಪಿಗೆ ಹಾಕೇತಿ, ಖಾತ್ರಿ ಅಂತಲ್ಲ. ನಮ್ಮ ಧಾರವಾಡದ ಹೊಲದಾಗ ಬರಿಗಾಲಿಲೆ ಅಡ್ಡಾಡಿದ್ರ ಬರೋದು ಕೊಕ್ಕೆಹುಳ (ಚಪ್ಪಲಿ ಹಾಕ್ಕೊಳಾಕ ಹೇಳ್ರಿ ಮೊದ್ಲ). ಆದ್ರ ಅಪ್ಪಾರಿಗೆ ಸಂಡಾಸದಾಗ ಕೆಂಪು ರಕ್ತ ಹೊಂಟೈತಿ ಅಂತನೂ ಅಂದ್ರಲ್ಲ, ಅದನ್ನ ಹುಳದ ಮ್ಯಾಲ ಹಾಕಿ ಸುಮ್ನ ಕುಂದರಬ್ಯಾಡ್ರಿ, ಹುಳದ ಗುಳಿಗಿ ಕೊಡಿಸ್ರಿ, ಹಂಗ ಗ್ಯಾಸ್ಟ್ರೋ (ಹೊಟ್ಟಿ-ಕರುಳಿನ) ಡಾಕ್ಟರ್‌ಗೆ ತೋರಿಸಿ ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗ ಕ್ಯಾಮೆರಾ ನಳಿಗಿ ಹಾಕಿ ನೋಡೋ ಟೆಸ್ಟ್) ಬೇಕೇನು ಅಂತ ಕೇಳ್ರಿ.